ಕಾಲ್ಬೆರಳಿನ ಉಗುರೂ ನಾಯಿಂದನ ಉಗುರುಗತ್ತಿಯೂ

ದೇವನಹಳ್ಳಿಯ ಕೋಟೆಯನ್ನು ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡನು ೧೫೦೧ರಲ್ಲಿ ಕಟ್ಟಿಸಿದನೆಂದೂ, ೧೭೯೧ರಲ್ಲಿ ಅದು ಕಾರ್ನ್‌ವಾಲಿಸನ ಸೇನೆಯ ವಶವಾಯಿತೆಂದೂ ಚರಿತ್ರೆಯ ಪುಸ್ತಕಗಳು ತಿಳಿಸುತ್ತವೆ. ಆ ಕೋಟೆಗೆ ಮಣ್ಣು ಹೊತ್ತವರ, ಅದರ ಸುತ್ತಣ ಹೊಲಗಳಲ್ಲಿ ರಾಗಿ ಬಿತ್ತಿದವರ ಕಾಲುಗಳ ಸಂಗತಿಯನ್ನು ಮಾತ್ರ ಅವು ತಿಳಿಸುವುದಿಲ್ಲ. ಕತ್ತಿಗಳಲ್ಲಿ ರಾಜರ ಕತ್ತಿಗೆ ದೊರೆತ ಚರಿತ್ರಕಾರರು ನಾಯಿಂದನ ಹಡಪದಲ್ಲಿದ್ದ ಸಣ್ಣ ಉಗುರುಗತ್ತಿಗೆ ದೊರೆಯಲಿಲ್ಲ. ಆದರೆ ರಾಜನ ಕತ್ತಿಯ ಉಪಕಾರವು ಎಲ್ಲರಿಗೂ ಒದಗಿತೆಂದು ಹೇಳಲಾಗದು. ಉಗುರುಗತ್ತಿಯ ಉಪಕಾರವು ರಾಜನಿಗೂ ಬೇಕಾಗಿದ್ದಿತು.

ಕಾಲಿನ ಹೆಬ್ಬೆರಳಿನ ಉಗುರು ಎರಡು ಅಂಚುಗಳಲ್ಲಿಯೂ ಕೆಳಕ್ಕೆ ಬಾಗಿ, ಮಾಂಸವನ್ನು ಕಚ್ಚಿ ಹಿಡಿಯುವ ಬಾಧೆಯೊಂದುಂಟು. ಮೊದಮೊದಲು ನಡೆಯುವಾಗ ಮಾತ್ರ ನೋವು. ಬಳಿಕ ಹೊದಿಕೆ ತಗುಲಿದರೂ ನೋವು. ಅಂಚು ಮಾಂಸದೊಳಕ್ಕೆ ಇಳಿದರೆ ಬೆರಳು ಕೆಂಪೇರಿ, ಬಾತು, ಕೀವು ಕಟ್ಟುತ್ತದೆ. ಹೀಗೆ ಕೀವು ಕೂಡಿದುದನ್ನೂ, ಬೇರೆ ಕಾರಣಗಳಿಂದ ಉಗುರಿನ ಬುಡ ಬಾತುದನ್ನೂ ಹಳ್ಳಿಯ ಜನರು ಉಗುರುಸುತ್ತು ಎಂಬ ಒಂದೇ ಹೆಸರಿನಿಂದ ಕರೆದು, ನಿಂಬೆಯ ಹಣ್ಣಿಗೆ ತೂತು ಮಾಡಿ ಬೆರಳಿಗೆ ತೊಡಿಸುವುದು, ಗೋರಂಟಿಯ ಸೊಪ್ಪನ್ನಾಗಲಿ ಅರಿಸಿನವನ್ನಾಗಲಿ ಅರೆದು ಕಟ್ಟುವುದು ಮೊದಲಾದ ಉಪಚಾರಗಳನ್ನು ಮಾಡುತ್ತ ಬಂದರು. ಇವುಗಳಿಂದ ಉರಿ ಕೊಂಚ ತಗ್ಗಿದಂತೆ ತೋರಬಹುದು. ಆದರೆ ಮಾಂಸದಲ್ಲಿ ನೆಟ್ಟ ಉಗುರಿನ ಮುಳ್ಳು ನಿಂಬೆಯ ಹುಳಿಗೆ ಅಂಜಿ ಹೊರಬರುವುದಿಲ್ಲ. ಅದನ್ನು ತೆಗೆಯುವುದಕ್ಕೆ ಕೈಯೂ ಕತ್ತಿಯೂ ಬೇಕು.

ಪ್ರಾಚೀನ ವೈದ್ಯರು ಇದನ್ನು ಚೆನ್ನಾಗಿ ಅರಿತಿದ್ದರು. ಸುಶ್ರುತನು ಕ್ಷುದ್ರರೋಗಗಳ ಸಾಲಿನಲ್ಲಿ ಉಗುರಿನ ಎರಡು ವ್ಯಾಧಿಗಳನ್ನು ಹೇಳಿದ್ದಾನೆ. ಉಗುರಿನ ಮಾಂಸದಲ್ಲಿ ನೋವು, ಉರಿ, ಕೀವುಗಳು ಕೂಡಿದರೆ ಅದು ಚಿಪ್ಪ. ಪೆಟ್ಟು ಬಿದ್ದ ಉಗುರು ಕಪ್ಪಾಗಿ, ಒರಟಾಗಿ, ಗಡುಸಾದರೆ ಅದು ಕುನಖ. ನೇಗಿಲ ಹಿಂದೆ ಬರಿಗಾಲಿನಲ್ಲಿ ನಡೆದು ಕಲ್ಲು ಎಡವಿದ ರೈತನಿಗೂ, ನೆಲಮಂಗಲದ ಸೀಮೆಯ ಶಿವಗಂಗೆಯ ಬೆಟ್ಟವನ್ನು ಬರಿಗಾಲಿನಲ್ಲಿಯೇ ಹತ್ತುವ ಯಾತ್ರಿಕನಿಗೂ ಕುನಖದ ಪರಿಚಯವನ್ನು ಪುಸ್ತಕದಿಂದ ಮಾಡಿಕೊಡಬೇಕಾಗಿಲ್ಲ. ಚಿಪ್ಪಕ್ಕೆ ಸುಶ್ರುತನು ವಿಧಿಸಿದ ಚಿಕಿತ್ಸೆ ಕ್ರಮವಾಗಿದೆ: ಬಿಸಿನೀರಿನಿಂದ ನೆನೆಯಿಸುವುದು, ಕೊಯ್ದು ಕೀವನ್ನು ಹರಿಯಗೊಡುವುದು, ಎಣ್ಣೆ ಸವರಿ ಸರ್ಜರಸದ ಪುಡಿಯನ್ನು ಉದುರಿಸಿ ಕಟ್ಟುವುದು, ಇದಾವುದಕ್ಕೂ ಬಗ್ಗದಿದ್ದರೆ ಬೆಂಕಿಯಿಂದ ಸುಡುವುದು. ಅವನು ಎಣಿಸಿದ ೨೦ ಶಸ್ತ್ರಗಳಲ್ಲಿ ನಖಶಸ್ತ್ರವೂ ಒಂದು. ಅದರ ಉದ್ದ ೮ ಅಂಗುಲ. ವಾಗ್ಭಟನ ಕಾಲಕ್ಕೆ ಅದು ೯ ಅಂಗುಲದ್ದಾಗಿ, ಒಂದು ತುದಿಯಲ್ಲಿ ನೇರವಾದ ಅಲಗನ್ನೂ ಇನ್ನೊಂದು ತುದಿಯಲ್ಲಿ ಬಾಗಿದ ಅಲಗನ್ನೂ ಪಡೆದಿತ್ತು. ಬಾಗಿದ ಅಂಚಿಗೆ ಬಾಗಿದ ಅಲಗೇ ಬೇಕೆಂಬುದನ್ನು ಕಂಡುಕೊಂಡ ಕಮ್ಮಾರನ ಹೆಸರು ಉಳಿದಿಲ್ಲ. ಉಗುರು ಬೆಳೆದ ಮೇಲೆ ಪಡುವ ಪಾಡಿಗಿಂತ ಬೆಳೆಯಗೊಡದಿರುವುದು ಲೇಸೆಂಬ ನೀತಿಯೂ ಅವರಲ್ಲಿತ್ತು. ಪಕ್ಷಕ್ಕೆ ಮೂರು ಸಾರಿ ಉಗುರುಗಳನ್ನು ತೆಗೆಯಿಸಬೇಕೆಂದು ಚರಕಸಂಹಿತೆ ವಿಧಿಸುತ್ತದೆ.

ಗ್ರಂಥದ ನಖಶಸ್ತ್ರವು ವೈದ್ಯನ ಕೈಯಲ್ಲಿದ್ದರೆ, ಊರಿನ ಉಗುರುಗತ್ತಿಯು ನಾಯಿಂದನ ಕೈಯಲ್ಲಿದ್ದಿತು. ಶಾಸ್ತ್ರವಿಧಿಗಳಲ್ಲಿ ಮೈಲಿಗೆಯ ವಿಚಾರವು ಬಲವಾದಂತೆ ಕೀವನ್ನೂ ರಕ್ತವನ್ನೂ ಮುಟ್ಟುವ ಕೆಲಸವು ಪಂಡಿತನಿಂದ ಜಾರಿ ನಾಯಿಂದನ ಪಾಲಿಗೆ ಬಂದಿತು. ಬೆಂಗಳೂರಿನ ಸೀಮೆಯಲ್ಲಿ ನಾಯಿಂದ, ಕೆಲಸಿ ಎಂಬ ಹೆಸರುಗಳುಳ್ಳ, ಇಂದು ಸವಿತಾ ಸಮಾಜವೆಂದು ಕರೆದುಕೊಳ್ಳುವ ಈ ಜನರು ಕೇವಲ ಕ್ಷೌರಿಕರಾಗಿರಲಿಲ್ಲ. ಕುರು ಕೊಯ್ಯುವುದು, ರಕ್ತ ತೆಗೆಯುವುದು, ಮದುವೆಯಲ್ಲಿ ಓಲಗ ಊದುವುದು ಇವರ ಕೆಲಸವಾಗಿತ್ತು. ಅನೇಕ ಊರುಗಳಲ್ಲಿ ಇವರ ಹೆಂಗಸರೇ ಸೂಲಗಿತ್ತಿಯರು. ಗೌಡ, ಶ್ಯಾನುಭೋಗ, ಬಡಗಿ, ಕಮ್ಮಾರ, ಅಗಸರೊಡನೆ ನಾಯಿಂದನೂ ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬನು. ಸುಗ್ಗಿಯ ಕಾಲದಲ್ಲಿ ಕಣದ ಬದಿಯಲ್ಲಿ ನಿಂತು ರಾಗಿಯ ರೂಪದಲ್ಲಿ ಅವನು ಪಡೆಯುತ್ತಿದ್ದ ಆಯದಲ್ಲಿ ವರ್ಷವಿಡೀ ಆ ಮನೆಯವರ ತಲೆ, ಗಡ್ಡ, ಉಗುರು ಎಲ್ಲವೂ ಅಡಕವಾಗಿದ್ದಿತು. ಒಂದೊಂದು ಉಗುರಿಗೂ ಬೆಲೆ ಕಟ್ಟುವ ಪದ್ಧತಿ ಇರಲಿಲ್ಲವಾದುದರಿಂದ ಮುದುಕರ ಗಡುಸು ಉಗುರನ್ನು ನೀರಿನಲ್ಲಿ ನೆನೆಯಿಸಿ, ಹದವರಿತು, ಮೂಲೆಯನ್ನು ಮೆಲ್ಲಗೆ ಎತ್ತಿ ತೆಗೆಯುವಷ್ಟು ತಾಳ್ಮೆಗೆ ಆ ಏರ್ಪಾಡಿನಲ್ಲಿ ಎಡೆಯಿದ್ದಿತು.

ಉಗುರು ತೆಗೆಯುವುದು ಬರಿಯ ಶುಚಿಯ ಕೆಲಸವಾಗಿರಲಿಲ್ಲವೆಂಬುದಕ್ಕೆ ಮದುವೆಯೇ ಸಾಕ್ಷಿ. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿಗೆ ಮೊದಲ ಅಧ್ಯಕ್ಷರಾಗಿದ್ದ ಎಚ್. ವಿ. ನಂಜುಂಡಯ್ಯನವರು ಮೈಸೂರು ಸಂಸ್ಥಾನದ ಜಾತಿ ಪಂಗಡಗಳ ಆಚಾರಗಳನ್ನು ಸಂಗ್ರಹಿಸಿದಾಗ, ಹಲವು ಪಂಗಡಗಳ ಮದುವೆಯಲ್ಲಿ ವಧೂವರರ ಉಗುರು ತೆಗೆಯುವ ಶಾಸ್ತ್ರವನ್ನು ಬರೆದುಕೊಂಡರು. ನಾಯಿಂದನು ಬಂದು ಉಗುರುಗತ್ತಿಯನ್ನು ಮದುಮಕ್ಕಳ ಉಗುರಿಗೆ ಮುಟ್ಟಿಸದೆ ಮುಂದಿನ ಕಾರ್ಯಕ್ಕೆ ಅವರು ಸಿದ್ಧರಾದಂತಾಗುತ್ತಿರಲಿಲ್ಲ. ಬೇರೆ ದಿನಗಳಲ್ಲಿ ಜಗಲಿಯ ಕೆಳಗೆ ನಿಲ್ಲಬೇಕಾದವನು ಆ ಒಂದು ಗಳಿಗೆಯಲ್ಲಿ ಹಸೆಯ ಮುಂದೆ ಕುಳಿತು ಮದುಮಗಳ ಕಾಲನ್ನು ಕೈಯಲ್ಲಿ ಹಿಡಿಯುತ್ತಿದ್ದನು. ಊರಿಗೆ ಬೇಕಾದವನನ್ನು ಊರು ಎಷ್ಟು ದೂರದಲ್ಲಿಟ್ಟಿತ್ತೆಂಬುದನ್ನು ಅಳೆಯಲು ಇದಕ್ಕಿಂತ ಬೇರೆ ಕೋಲು ಬೇಕಿಲ್ಲ. ಬೆಳಗ್ಗೆ ಅವನ ಮುಖ ಕಂಡರೆ ಅಪಶಕುನವೆನ್ನುತ್ತಿದ್ದ ಜನರೇ ಬೆರಳು ಬಾತಾಗ ಅವನಿಗೆ ಕರೆ ಕಳುಹಿಸುತ್ತಿದ್ದರು.

ಒಮ್ಮೆ ಮಾತ್ರ ಈ ವೃತ್ತಿಯ ಮೇಲೆ ರಾಜದೃಷ್ಟಿ ಬಿದ್ದುದುಂಟು. ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ೧೬ನೆಯ ಶತಮಾನದ ನಡುವೆ, ಕೊಂಡೋಜನೆಂಬ ನಾಯಿಂದನು ಅಳಿಯ ರಾಮರಾಯನ ಮೆಚ್ಚುಗೆಗೆ ಪಾತ್ರನಾಗಿ, ತನ್ನ ಕುಲದವರಿಗೆ ತೆರಿಗೆಯಿಂದಲೂ ಬಿಟ್ಟಿಯಿಂದಲೂ ವಿನಾಯಿತಿಯನ್ನು ಸಂಪಾದಿಸಿದನು. ಬಾದಾಮಿಯ ಶಾಸನವು ಇದನ್ನು ಹೇಳುತ್ತದೆ. ತನಗೊಬ್ಬನಿಗೇ ಊರನ್ನೋ ಹೊಲವನ್ನೋ ಬೇಡಬಹುದಾಗಿದ್ದವನು ಕುಲಕ್ಕೆಲ್ಲ ಬೇಡಿದನೆಂಬುದು ಗಮನಾರ್ಹ. ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡ ದಂಡನಾಯಕರಿಗೆ ಲೆಕ್ಕವಿಲ್ಲ, ನಾಯಿಂದರು ಅಪರೂಪ.

ಇಷ್ಟಾಗಿ, ಹಳೆಯದೆಲ್ಲವೂ ಹೊನ್ನೆಂದು ಹೇಳುವುದು ಸಲ್ಲದು. ಒಂದೇ ಉಗುರುಗತ್ತಿ ಹತ್ತು ಮನೆ ಸುತ್ತುತ್ತಿದ್ದಿತು. ಸಾಣೆಯ ಕಲ್ಲಿನ ಮೇಲೆ ಅದು ಹರಿತವಾಗುತ್ತಿತ್ತೇ ಹೊರತು ಶುದ್ಧವಾಗುತ್ತಿರಲಿಲ್ಲ. ನೋವಿರುವ ಮೂಲೆಯನ್ನು ಆಳವಾಗಿ ಕೆತ್ತಿದರೆ ಅಂದಿಗೆ ಸುಖವೆನಿಸಿದರೂ, ಒಳಗುಳಿದ ಚೂರು ಮುಂದೆ ಬೆಳೆಯುತ್ತ ಮತ್ತಷ್ಟು ಆಳಕ್ಕೆ ನೆಡುತ್ತದೆ. ಉಗುರಿನ ನಡುವೆ ತ್ರಿಕೋನದಂತೆ ಕಚ್ಚು ಹಾಕಿದರೆ ಅಂಚುಗಳು ತಾವಾಗಿಯೇ ಮೇಲಕ್ಕೆ ಬರುವುವೆಂಬ ನಂಬಿಕೆ ಹಲವು ದೇಶಗಳಲ್ಲಿ ಹಬ್ಬಿದೆ. ಉಗುರು ಬೆಳೆಯುವುದು ಬುಡದಿಂದಲೇ ಹೊರತು ತುದಿಯಿಂದಲ್ಲವಾದುದರಿಂದ ಅದು ನಿರಾಧಾರ. ಯುರೋಪಿನವರು ಈ ವಿಷಯದಲ್ಲಿ ಹೆಚ್ಚು ದಯಾಳುಗಳಾಗಿದ್ದರೆಂದೂ ತಿಳಿಯಬಾರದು. ೧೯ನೆಯ ಶತಮಾನದ ಮೊದಲಲ್ಲಿ ಪ್ಯಾರಿಸಿನ ದ್ಯುಪುಯತ್ರೆನನು ಉಗುರನ್ನು ನಟ್ಟನಡುವೆ ಸೀಳಿ ಅರ್ಧವನ್ನು ಇಕ್ಕಳದಿಂದ ಕಿತ್ತುಹಾಕುತ್ತಿದ್ದನು. ಅರಿವಳಿಕೆ ಇನ್ನೂ ಬಂದಿರಲಿಲ್ಲ. ಕಿತ್ತ ಉಗುರು ವರ್ಷವೊಂದು ಕಳೆದು ಮತ್ತೆ ಹಾಗೆಯೇ ಬಾಗಿ ಬೆಳೆಯುವುದನ್ನು ಕಂಡ ಮೇಲೆ ಶಸ್ತ್ರವೈದ್ಯರು ಬುಡದ ಕಡೆಗೆ ತಿರುಗಿದರು. ೧೯೪೫ರಲ್ಲಿ ಆಟೋ ಬಾಲ್ ಎಂಬುವನು ಬಾಧೆ ಕೊಡುವ ಅಂಚಿನ ಬುಡವನ್ನು ಮಾತ್ರ ಫೀನಾಲಿನಿಂದ ಸುಡುವ ವಿಧಾನವನ್ನು ಪ್ರಕಟಿಸಿದನು. ಬೆಂಕಿಯಿಂದ ಸುಡು ಎಂದಿದ್ದ ಸುಶ್ರುತನ ಕೊನೆಯ ಉಪಾಯವು ಬೇರೆ ವೇಷದಲ್ಲಿ ಮರಳಿ ಬಂದಂತಾಯಿತು; ಈ ಸಾರಿ ಬೆರಳನ್ನು ಮೊದಲೇ ಮರಗಟ್ಟಿಸುತ್ತಾರೆಂಬುದು ಸಣ್ಣ ವ್ಯತ್ಯಾಸವಲ್ಲ.

ಉಗುರು ಬಾಗುವುದೇತಕ್ಕೆ? ಇಕ್ಕುಳದಂತೆ ಎರಡು ಕಡೆಯಿಂದಲೂ ಹಿಂಡುವ ಉಗುರಿಗೆ ೧೯೬೮ರಲ್ಲಿ ಅಮೆರಿಕದ ವೈದ್ಯರು ಇಕ್ಕುಳದ ಉಗುರೆಂದೇ ಹೆಸರಿಟ್ಟರು. ಮುಂದೆ ಜಪಾನಿನ ವೈದ್ಯರಾದ ಸಾನೋ, ಒಗಾವ ಎಂಬುವರು ತೋರಿಸಿದ ಸಂಗತಿ ಸ್ವಾರಸ್ಯವಾಗಿದೆ. ಉಗುರಿಗೆ ಒಳಕ್ಕೆ ಬಾಗುವ ಸ್ವಭಾವ ಮೊದಲಿನಿಂದಲೂ ಇದೆ. ನಡೆಯುವಾಗ ನೆಲವು ಬೆರಳನ್ನು ಕೆಳಗಿನಿಂದ ಒತ್ತಿ ಅದನ್ನು ಚಪ್ಪಟೆಯಾಗಿರಿಸುತ್ತದೆ. ಬಹುಕಾಲ ಹಾಸಿಗೆ ಹಿಡಿದವರ ಉಗುರುಗಳು ಹೆಚ್ಚಾಗಿ ಬಾಗಿರುವುದನ್ನು ಅವರು ಕಂಡರು. ಉಗುರನ್ನು ನೇರವಾಗಿಡುವ ಮೊದಲ ವೈದ್ಯನು ನೆಲವೆಂದಾಯಿತು. ದಿನವೆಲ್ಲ ಬರಿಗಾಲಿನಲ್ಲಿ ನೆಲವನ್ನು ಒತ್ತಿ ನಡೆದವರಿಗೆ ಎಡವಿದ ಉಗುರಿನ ಕಾಟ ಬಹಳವಿದ್ದರೂ ಬಾಗಿದ ಉಗುರಿನ ಕಾಟ ಕಡಿಮೆಯಿದ್ದಿರಬೇಕೆಂದು ಊಹಿಸುವುದು ಅಸಂಗತವಲ್ಲ.

ಬಿಗಿಯಾದ ಪಾದರಕ್ಷೆಯು ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ; ಅದು ಬೆರಳುಗಳನ್ನು ಪಕ್ಕದಿಂದ ಒತ್ತಿ, ಮಾಂಸವನ್ನು ಉಗುರಿನ ಅಂಚಿಗೆ ತಳ್ಳುತ್ತದೆ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ತೆರೆದ ಮೇಲೆ, ರಾಗಿಯ ಹೊಲಗಳಿದ್ದ ಕಡೆಯಲ್ಲಿಯೇ ಸಮವಸ್ತ್ರ ಧರಿಸಿ ಪಾಳಿಯ ಉದ್ದಕ್ಕೂ ಮುಚ್ಚಿದ ಬೂಟುಗಳಲ್ಲಿ ನಿಲ್ಲುವ ಉದ್ಯೋಗಗಳು ಬಂದವು. ೨೦೧೫-೧೬ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೂ ಬೂಟು, ಕಾಲುಚೀಲಗಳನ್ನು ಕೊಡುವ ಏರ್ಪಾಡಾಯಿತು. ಮುಳ್ಳು, ಗಾಜು, ಕೊಕ್ಕೆಹುಳುಗಳಿಂದ ಕಾಲನ್ನು ಕಾಯುವ ಬೂಟನ್ನು ನಿಂದಿಸುವುದು ಅವಿವೇಕ. ಆದರೆ ಬೆಳೆಯುವ ಕಾಲಿಗೆ ಹೋದ ವರ್ಷದ ಅಳತೆಯ ಬೂಟನ್ನು ತುರುಕಿದರೆ ಅದರ ಫಲವನ್ನು ಹೆಬ್ಬೆರಳು ಅನುಭವಿಸಬೇಕಾಗುತ್ತದೆ.

ಬೂಟು ಬರುವ ವೇಳೆಗೆ ನಾಯಿಂದನು ಬರುವುದು ನಿಂತಿದ್ದಿತು. ಆಯ ಹೋಗಿ ಹಣ ಬಂದಿತು. ಜಗಲಿ ಹೋಗಿ ಅಂಗಡಿ ಬಂದಿತು. ಉಗುರು ಅಂಗಡಿಯ ಬಾಬಿನಲ್ಲಿ ಸೇರಲಿಲ್ಲ. ಹುಟ್ಟಿನಿಂದ ಹೊರಿಸಿದ ಕೆಲಸವನ್ನು ಆ ಜನರು ಬಿಟ್ಟುದು ಸರಿಯೇ. ಅದರೊಡನೆ ಕೈಯ ಹದವೂ ಹೋಯಿತು. ಪ್ರತಿಯೊಬ್ಬನೂ ಬ್ಲೇಡಿನಿಂದಲೋ ನೇಲ್‌ಕಟರಿನಿಂದಲೋ ತನ್ನ ಉಗುರನ್ನು ತಾನೇ ತೆಗೆದುಕೊಳ್ಳಬೇಕಾಯಿತು. ಯುವಕರಿಗೆ ಇದು ಸುಲಭ. ಬೆನ್ನು ಬಗ್ಗದ, ಕಣ್ಣು ಮಂಜಾದ ವೃದ್ಧರಿಗೆ ಸ್ವಂತ ಕಾಲಿನ ಹೆಬ್ಬೆರಳು ಪರದೇಶದಷ್ಟು ದೂರ. ಸಿಹಿಮೂತ್ರರೋಗವುಳ್ಳವರ ಕಾಲಿನಲ್ಲಿ ಸ್ಪರ್ಶಜ್ಞಾನವೇ ಕುಗ್ಗಿರುವುದರಿಂದ ಉಗುರು ನೆಟ್ಟಿರುವುದು ತಿಳಿಯುವ ಮೊದಲೇ ಹುಣ್ಣಾಗಿ, ಕೊನೆಗೆ ಬೆರಳನ್ನೇ ಕಳೆದುಕೊಳ್ಳುವ ಪ್ರಸಂಗ ಬರುವುದುಂಟು. ಅಂಥವರು ಬ್ಲೇಡನ್ನು ದೂರವಿಟ್ಟು ವೈದ್ಯನಿಗೆ ಕಾಲು ತೋರಿಸಬೇಕು.

ಕೀವಿಲ್ಲದ, ಬಾಗಿದ ಉಗುರಿಗೆ ಈಗ ಕೊಯ್ಯದೆಯೂ ಉಪಾಯವುಂಟು. ೧೯೬೦ರ ದಶಕದಲ್ಲಿ ಬ್ರಿಟನ್ನಿನ ಪಾದಚಿಕಿತ್ಸಕ ರಾಸ್ ಫ್ರೇಸರನು ಉಕ್ಕಿನ ಸಣ್ಣ ತಂತಿಯನ್ನು ಬಾಗಿಸಿ, ಅದರ ಎರಡು ಕೊಕ್ಕೆಗಳನ್ನು ಉಗುರಿನ ಎರಡು ಅಂಚುಗಳಿಗೆ ಸಿಕ್ಕಿಸುವ ಕ್ರಮವನ್ನು ಬಳಕೆಗೆ ತಂದನು. ಓರೆಹಲ್ಲನ್ನು ತಂತಿಯಿಂದ ನೇರ ಮಾಡುವಂತೆ ಇದು ಉಗುರನ್ನು ದಿನದಿನಕ್ಕೆ ಅಷ್ಟಷ್ಟೇ ಮೇಲೆತ್ತುತ್ತದೆ. ಕಾಲಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿಲಿಮೀಟರು. ಹೆಬ್ಬೆರಳಿನ ಉಗುರು ಬುಡದಿಂದ ತುದಿಗೆ ಬರಲು ೧೨ರಿಂದ ೧೮ ತಿಂಗಳು ಬೇಕು. ಆದುದರಿಂದ ತಂತಿಯು ಬಹು ತಿಂಗಳು ಇರಬೇಕು, ತೆಗೆದ ಮೇಲೆ ಮರಳಿ ಬಾಗುವುದೂ ಉಂಟು. ಸ್ವಲ್ಪವೇ ನೆಟ್ಟ ಉಗುರಿಗಾದರೋ ಉಗುರುಬೆಚ್ಚಗಿನ ನೀರಿನಲ್ಲಿ ಕಾಲನ್ನು ನೆನೆಯಿಸಿ, ಮೂಲೆಯ ಕೆಳಗೆ ಶುಭ್ರವಾದ ಹತ್ತಿಯ ಎಳೆಯನ್ನು ಸೇರಿಸಿ, ಅಂಚು ಮಾಂಸವನ್ನು ದಾಟಿ ಹೊರಬರುವ ತನಕ ದಿನವೂ ಬದಲಾಯಿಸುತ್ತಿದ್ದರೆ ಅನೇಕವೇಳೆ ಸಾಕಾಗುತ್ತದೆ. ಬಳಿಕ ಉಗುರನ್ನು ಬೆರಳಿನ ತುದಿಗೆ ಸಮನಾಗಿ ಅಡ್ಡಕ್ಕೆ ನೇರವಾಗಿ ಕತ್ತರಿಸಬೇಕು. ಮೂಲೆಗಳನ್ನು ದುಂಡಗೆ ಇಳಿಸಬಾರದು. ಕೈಬೆರಳಿನ ಉಗುರನ್ನು ದುಂಡಗೆ ತೆಗೆದು ಅಭ್ಯಾಸವಾದ ಕೈ ಕಾಲಿಗೆ ಬಂದಾಗಲೂ ದುಂಡಗೇ ಹೋಗುತ್ತದೆಯಾದುದರಿಂದ, ಇದನ್ನು ಮನೆಯಲ್ಲಿ ಮುದುಕರ ಉಗುರು ತೆಗೆಯುವ ಮೊಮ್ಮಕ್ಕಳಿಗೆ ಮೊದಲು ಹೇಳಿಕೊಡಬೇಕಾಗಿದೆ.