ಅಚ್ಚು, ಬಾನುಲಿ, ತೆರೆ

ಕಾಸರಗೋಡು ಮಂಗಳೂರಿನೊಡನೆ ಒಂದೇ ಜಿಲ್ಲೆಯಾಗಿದ್ದ ಕಾಲವದು. ೧೮೪೧ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ೧೮೪೩ರಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ'ವು ಹೊರಟಿತು. ವಿದ್ಯೆಗೆ ಅಚ್ಚಿನ ದಾರಿ ತೆರೆಯಿತು. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿಯನ್ನು ಆರಂಭಿಸಿ ಅದನ್ನು ಕಿವಿಯ ದಾರಿಗೂ ತಂದರು. ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ೨೦೨೦ರ ಜೂನ್ ೧ರಂದು, ಶಾಲೆಗಳು ಮುಚ್ಚಿದ್ದಾಗ, ಆ ರಾಜ್ಯದ ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಪಾಠಗಳು ಮೊದಲಾದುವು. ಕನ್ನಡ ಮಾಧ್ಯಮದ ಪಾಠಗಳೂ ಅಂತರ್ಜಾಲದಲ್ಲಿ ದೊರೆತುವು.

ಆದರೆ ದಾರಿ ತೆರೆದ ಮಾತ್ರಕ್ಕೆ ನಡೆಯಲು ಕಲಿತಂತಾಗದು. ಪುಸ್ತಕವು ಹಿಂದಿನ ಪುಟಕ್ಕೆ ಮರಳಗೊಡುತ್ತದೆ. ಮಗುವಿಗೆ ಮರಳಿ ಓದುವುದನ್ನು ಕಲಿಸಬೇಕು. ಬಾನುಲಿಯ ಮಾತು ಹಾರಿಹೋಗುವುದು. ಕೇಳಿದುದನ್ನು ತನ್ನ ಮಾತಿನಲ್ಲಿ ಬರೆದಿಡುವುದನ್ನು ಕಲಿಸಬೇಕು. ತೆರೆಯ ಮೇಲೆ ನಿಜವೂ ಸುಳ್ಳೂ ಒಂದೇ ವೇಷದಲ್ಲಿ ಬರುತ್ತವೆ. ಹೇಳಿದವರಾರು, ಯಾವಾಗ ಹೇಳಿದರು, ಬೇರೆ ಸಾಕ್ಷಿಯುಂಟೆ ಎಂದು ಕೇಳುವುದನ್ನು ಕಲಿಸಬೇಕು.

ಈ ಹೊಣೆ ಉಪಾಧ್ಯಾಯರದಷ್ಟೇ ಅಲ್ಲ, ತಾಯ್ತಂದೆಗಳದೂ ಹೌದು. ನೆರೆನುಡಿಯ ನಡುವೆ ಬೆಳೆಯುವ ನಮ್ಮ ಮಗು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಕಲಿತರೆ, ಉತ್ತರವು ಯಾವ ನುಡಿಯಲ್ಲಿ ಬಂದರೂ ಅಂಜಬೇಕಾಗಿಲ್ಲ.