ಕಾದ ಬಂಡೆಯ ಮೇಲೆ ಹುಳಿಗಂಜಿ



ರಾಯಚೂರು ಜಿಲ್ಲೆಯವರಾದ ನಮಗೆ ಚಿನ್ನವೆಂದರೆ ಮೊದಲು ನೆನಪಾಗುವುದು ಹಟ್ಟಿ. ದೇವದುರ್ಗ ತಾಲ್ಲೂಕಿನವರಿಗೆ ಊಟಿಯ ಗಣಿಯೂ ಪರಿಚಿತವೇ. ಹಟ್ಟಿಯ ಪುರಾತನ ಗಣಿಗಳಲ್ಲಿ ದೊರೆತ ಮರದ ತುಂಡುಗಳನ್ನು ಇಂಗಾಲದ ಕಾಲನಿರ್ಣಯಕ್ಕೆ ಒಳಪಡಿಸಿದಾಗ ಅವು ಸುಮಾರು 2,000 ವರ್ಷ ಹಳೆಯವೆಂದು ತಿಳಿದುಬಂದಿತು. ಆ ಹಳೆಯ ಗಣಿಗಳು 600 ಅಡಿಗೂ ಮಿಕ್ಕಿ ಆಳಕ್ಕೆ ಇಳಿದಿದ್ದವು. ಸಿಡಿಮದ್ದು ಇಲ್ಲದ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು?

ಬೆಂಕಿಯಿಂದ ಎಂಬುದು ವಿದ್ವಾಂಸರ ಅಭಿಪ್ರಾಯ. ಬಂಡೆಯ ಮಗ್ಗುಲಿಗೆ ಸೌದೆಯೊಟ್ಟಿ ಉರಿಸಿ, ಕಾದ ಕಲ್ಲಿನ ಮೇಲೆ ನೀರೆರಚಿದರೆ ಅದು ಥಟ್ಟನೆ ಕುಗ್ಗಿ ಬಿರಿಯುತ್ತದೆ. 6ನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಬಾವಿ ತೋಡುವಾಗ ಅಡ್ಡ ಬರುವ ಬಂಡೆಗೂ ಇಂತಹ ಉಪಾಯವನ್ನೇ ಹೇಳಿದ್ದಾನೆ. ಆದರೆ ಅವನು ಬರಿಯ ನೀರಿಗೆ ನಿಲ್ಲುವುದಿಲ್ಲ. ಮಜ್ಜಿಗೆ, ಹುಳಿಗಂಜಿ, ಮದ್ಯಗಳಿಗೆ ಹುರುಳಿ ಹಾಗೂ ಬೋರೆಹಣ್ಣು ಸೇರಿಸಿ, ಏಳು ರಾತ್ರಿ ಇಟ್ಟು, ಕಾದ ಬಂಡೆಗೆ ಎರಚಬೇಕೆನ್ನುತ್ತಾನೆ. ರೋಮನರೂ ಇದೇ ಕೆಲಸಕ್ಕೆ ಹುಳಿದ್ರಾಕ್ಷಾರಸವನ್ನು ಬಳಸುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ.

ದ್ರವದ ಗುಣಕ್ಕೂ ಕಲ್ಲಿನ ಬಿರುಕಿಗೂ ಸಂಬಂಧವುಂಟೇ? ಮಾನ್ವಿ, ದೇವದುರ್ಗಗಳಲ್ಲಿ ನನ್ನ ತರಗತಿಯಲ್ಲಿ ಕುಳಿತವರಿಗೆ, ನೀರಿನ ಮೇಲೆ ತೇಲಿಸಿದ ಸೂಜಿಯು ಒಂದು ಹನಿ ಸಾಬೂನಿನ ನೀರು ಬಿದ್ದೊಡನೆ ಮುಳುಗಿದ್ದು ನೆನಪಿರಬಹುದು. ಸಾಬೂನು ನೀರಿನ ಮೇಲ್ಮೈಯ ಬಿಗಿತವನ್ನು ಸಡಿಲಿಸಿತು. ಘನವಸ್ತುವಿಗೂ ಮೇಲ್ಮೈ ಶಕ್ತಿಯುಂಟು. ಬಿರುಕು ಮುಂದುವರಿಯಬೇಕಾದರೆ ಹೊಸ ಮೇಲ್ಮೈ ಹುಟ್ಟಬೇಕು, ಅದಕ್ಕೆ ಶಕ್ತಿ ವ್ಯಯವಾಗಬೇಕು ಎಂದು 1921ರಲ್ಲಿ ಗ್ರಿಫಿತ್ ತೋರಿಸಿದನು. ಬಿರುಕಿನೊಳಗೆ ಹೊಕ್ಕು ಮೇಲ್ಮೈಗೆ ಅಂಟಿಕೊಳ್ಳುವ ವಸ್ತುವು ಆ ಶಕ್ತಿಯನ್ನು ತಗ್ಗಿಸಿದರೆ ಘನವು ಸುಲಭವಾಗಿ ಒಡೆಯುತ್ತದೆಂಬುದನ್ನು 1928ರಲ್ಲಿ ರಷ್ಯಾದ ಪ್ಯೋತರ್ ರೆಬಿಂದರ್ ಪ್ರಕಟಿಸಿದನು. ಇಂದಿಗೂ ಇದು ಅವನ ಹೆಸರಿನಲ್ಲೇ ಪ್ರಸಿದ್ಧವಾಗಿದೆ.

ಹಾಗೆಂದು ವರಾಹಮಿಹಿರನಿಗೆ ರೆಬಿಂದರನ ತತ್ತ್ವ ಮೊದಲೇ ತಿಳಿದಿತ್ತೆಂದು ಎದೆಯುಬ್ಬಿಸುವುದು ಸಲ್ಲದು. ಬಂಡೆ ಬಿರಿಯುವಲ್ಲಿ ಮುಖ್ಯ ಪಾಲು ಶಾಖದ್ದು. ಹುಳಿಯು ಸುಣ್ಣಕಲ್ಲನ್ನು ಕರಗಿಸಬಲ್ಲುದೇ ಹೊರತು, ಹಟ್ಟಿಯ ಚಿನ್ನವನ್ನು ಒಡಲಲ್ಲಿಟ್ಟುಕೊಂಡ ಬೆಣಚುಕಲ್ಲನ್ನಲ್ಲ. ಬೆಣಚುಕಲ್ಲಿನ ಬಿರುಕಿನ ತುದಿಯಲ್ಲಿ ಬಂಧಗಳನ್ನು ಸಡಿಲಿಸಲು ಬರಿಯ ನೀರೇ ಸಮರ್ಥ. ಅಷ್ಟೇ ತಪ್ಪು ಇನ್ನೊಂದಿದೆ: ಹುರುಳಿ, ಮಜ್ಜಿಗೆಯ ಮಾತನ್ನು ಮೂಢನಂಬಿಕೆಯೆಂದು ನಕ್ಕುಬಿಡುವುದು. ಸೂತ್ರ ತಿಳಿಯದಿದ್ದರೂ ಕಲ್ಲಿಗೆ ಏನನ್ನು ಎರಚಿದರೆ ಏನಾಗುವುದೆಂದು ಕಣ್ಣಿಟ್ಟು ನೋಡಿದವರು ಅವರು. ವಿಜ್ಞಾನದ ಮೊದಲ ಮೆಟ್ಟಿಲು ಅದೇ ಅಲ್ಲವೇ?

ನಮ್ಮ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು 1915ರಲ್ಲಿ ಕಂಡವರು ಗಣಿ ಎಂಜಿನಿಯರ್ ಬೀಡನ್. ಬಂಡೆಯ ಮೇಲೆ ಅರಸನ ಹೆಸರು ಉಳಿಯಿತು. ಹೊಗೆ ತುಂಬಿದ ಕತ್ತಲಲ್ಲಿ ಬಂಡೆಯನ್ನೇ ಸೀಳಿದವರ ಹೆಸರು ಯಾವ ಕಲ್ಲಿನಲ್ಲಿಯೂ ಉಳಿಯಲಿಲ್ಲ. ನಿಮ್ಮ ಮಕ್ಕಳಿಗೆ ಹಟ್ಟಿಯ ಚಿನ್ನದ ಕಥೆ ಹೇಳುವಾಗ ಆ ಅನಾಮಿಕರನ್ನೂ ಸ್ಮರಿಸಿರಿ.