ಚಂಡಮಾರುತಪೂರ್ವ ಪರಿಹಾರ

ಚಂಡಮಾರುತಪೂರ್ವ ಪರಿಹಾರ : ಉಷ್ಣವಲಯದ ಕಡಲಿನಲ್ಲಿ ಹುಟ್ಟಿದ ಚಂಡಮಾರುತವು ದಡವನ್ನು ಮುಟ್ಟುವುದಕ್ಕೆ ಮುನ್ನವೇ, ಅದರ ಹಾದಿಯಲ್ಲಿರುವ ಜನರಿಗೆ ಆಶ್ರಯ, ಆಹಾರ, ಹಣ, ವಾಹನ ಮೊದಲಾದುವನ್ನು ಒದಗಿಸುವ ಯೋಜನಾಬದ್ಧ ಕಾರ್ಯ. ಮುನ್ಸೂಚನೆ ಎಷ್ಟೇ ನಿಖರವಾಗಿದ್ದರೂ, ಅದನ್ನು ಕೇಳಿದವನಿಗೆ ಹೋಗಲು ಒಂದು ಎಡೆಯೂ ಹೊರಡಲು ಧೈರ್ಯವೂ ಇಲ್ಲದಿದ್ದರೆ ಅದು ವ್ಯರ್ಥವೆಂಬ ಸತ್ಯವನ್ನು ಮಾನವನು ಅಪಾರ ಪ್ರಾಣಹಾನಿಯ ಬೆಲೆ ತೆತ್ತು ಕಲಿತನು. ಈ ಕಲಿಕೆಯ ಇತಿಹಾಸವು ಬಾಂಗ್ಲಾದೇಶದ ಕರಾವಳಿಯಲ್ಲಿ ವಿಶದವಾಗಿ ಕಾಣುತ್ತದೆ.

ಬಂಗಾಳ ಕೊಲ್ಲಿಯ ಉತ್ತರದ ಕೊನೆಯು ಆಲಿಕೆಯಂತೆ ಕಿರಿದಾಗುತ್ತ ಹೋಗುವುದರಿಂದಲೂ, ಅಲ್ಲಿ ಕಡಲಿನ ಆಳ ಅಲ್ಪವಾದುದರಿಂದಲೂ, ಗಾಳಿಯು ತಳ್ಳಿತಂದ ನೀರು ಗೋಡೆಯಂತೆ ಎದ್ದು ಮೇಘನಾ ನದೀಮುಖದ ತಗ್ಗಾದ ದ್ವೀಪಗಳ ಮೇಲೆ ಬೀಳುತ್ತದೆ. ಗಾಳಿಗಿಂತ ಈ ಉಬ್ಬರವೇ ಹೆಚ್ಚು ಜನರನ್ನು ಕೊಲ್ಲುತ್ತದೆ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ 1848ರಲ್ಲಿ ಈ ಸುಳಿಗಾಳಿಗೆ ‘ಸೈಕ್ಲೋನ್’ ಎಂದು ಹೆಸರಿಟ್ಟನು. ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪಿತವಾಯಿತು. ಆದರೆ ಅಂದಿನ ಎಚ್ಚರಿಕೆಗಳು ಬಹುಮಟ್ಟಿಗೆ ಬಂದರುಗಳಿಗೂ ಹಡಗುಗಳಿಗೂ ಮೀಸಲಾಗಿದ್ದುವು.

1970ರ ನವೆಂಬರ್ 12ರ ರಾತ್ರಿ, ಅಂದಿನ ಪೂರ್ವ ಪಾಕಿಸ್ತಾನದ ಭೋಲಾ ದ್ವೀಪವನ್ನೂ ನೆರೆಯ ಕರಾವಳಿಯನ್ನೂ ಕಡಲು ನುಂಗಿತು. ಸತ್ತವರ ಸಂಖ್ಯೆಯನ್ನು 3 ಲಕ್ಷದಿಂದ 5 ಲಕ್ಷದವರೆಗೆ ಅಂದಾಜು ಮಾಡಲಾಗಿದೆ. ಬಾನುಲಿಯಲ್ಲಿ ಎಚ್ಚರಿಕೆ ಬಾರದೆ ಇರಲಿಲ್ಲ. ಬಹುಮಂದಿ ಅದನ್ನು ಕೇಳಿಯೂ ಇದ್ದರು. ಆದರೆ ಓಡಿಹೋಗಲು ಗಟ್ಟಿಯಾದ ಕಟ್ಟಡಗಳು ವಿರಳವಾಗಿದ್ದುವು. ದನಕರುಗಳನ್ನೂ ಕಾಳುಕಡ್ಡಿಯನ್ನೂ ಬಿಟ್ಟು ಹೊರಟರೆ ಮರುದಿನದ ಬಾಳೇ ಇಲ್ಲವೆಂಬ ಭಯ ಬಡವನನ್ನು ಗುಡಿಸಲಿಗೆ ಕಟ್ಟಿಹಾಕಿತ್ತು.

ಈ ದುರಂತದ ಪಾಠದಿಂದ 1972ರಲ್ಲಿ, ಸ್ವತಂತ್ರ ಬಾಂಗ್ಲಾದೇಶದಲ್ಲಿ, ರೆಡ್‌ಕ್ರಾಸ್ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟದ ನೆರವಿನಿಂದ ಚಂಡಮಾರುತ ಸಿದ್ಧತಾ ಕಾರ್ಯಕ್ರಮ ಆರಂಭವಾಯಿತು. ಮರುವರ್ಷ ಸರ್ಕಾರವೂ ಅದರ ಹೊಣೆಯಲ್ಲಿ ಪಾಲ್ಗೊಂಡಿತು. ಇದರ ಜೀವಾಳವು ಯಂತ್ರವಲ್ಲ, ಹಳ್ಳಿಯ ಸ್ವಯಂಸೇವಕ. ಅಪಾಯ ಏರಿದಂತೆ ಅವನು ಒಂದು, ಎರಡು, ಮೂರು ಕೆಂಪು ಬಾವುಟಗಳನ್ನು ಕಂಬಕ್ಕೇರಿಸುತ್ತಾನೆ. ಕೈಯಿಂದ ತಿರುಗಿಸುವ ಸೈರನ್ ಮೊಳಗಿಸುತ್ತಾನೆ. ಧ್ವನಿವರ್ಧಕ ಹಿಡಿದು ಕೆಸರಿನ ಕಾಲುದಾರಿಯಲ್ಲಿ ‘ಮಹಾವಿಪತ್ ಸಂಕೇತ’ವನ್ನು ಸಾರುತ್ತ, ಮುದುಕರನ್ನು ಹೊತ್ತು ತರುತ್ತಾನೆ. ನೆರೆಮನೆಯವನ ಪರಿಚಿತ ಕಂಠವಾದುದರಿಂದ ಜನ ಅದನ್ನು ನಂಬುತ್ತಾರೆ. ದನಗಳಿಗಾಗಿ ಎತ್ತರವಾದ ಮಣ್ಣಿನ ದಿಬ್ಬಗಳನ್ನೂ ನಿರ್ಮಿಸಲಾಯಿತು. ‘ಮುಜೀಬ್ ಕಿಲ್ಲಾ’ಗಳೆಂದು ಹೆಸರಾದ ಇವು, ಒಡೆಯನ ಜೀವವುಳಿಯಬೇಕಾದರೆ ಅವನ ಹಸುವಿಗೂ ಎಡೆಯಿರಬೇಕೆಂಬ ವಿವೇಕದ ಕುರುಹುಗಳು.

ಆದರೂ 1991ರ ಏಪ್ರಿಲ್ 29ರಂದು ಚಿತ್ತಗಾಂಗ್ ತೀರದಲ್ಲಿ ಸುಮಾರು 1,38,000 ಜನ ಮಡಿದರು. ಅವರಲ್ಲಿ ಸ್ತ್ರೀಯರು ಪುರುಷರಿಗಿಂತ ಬಹಳ ಹೆಚ್ಚಾಗಿದ್ದರು: ಮಕ್ಕಳನ್ನು ಬಿಟ್ಟು ಓಡಲಾರದೆ, ಅನುಮತಿಗೆ ಕಾದು, ಗಂಡಸರು ಕಿಕ್ಕಿರಿದ ಆಶ್ರಯಕ್ಕೆ ಹೋಗಲು ಸಂಕೋಚಪಟ್ಟು ಉಳಿದವರು ಅನೇಕರು. ತರುವಾಯ ಶಾಲೆಯಾಗಿಯೂ ಬಳಕೆಯಾಗುವ, ಕಂಬಗಳ ಮೇಲೆ ನಿಂತ ಆಶ್ರಯಮಂದಿರಗಳು ಹೆಚ್ಚಿದುವು. ಸ್ತ್ರೀಯರಿಗೆ ಪ್ರತ್ಯೇಕ ಸ್ಥಳವೂ ದೊರೆಯತೊಡಗಿತು. ಆರಂಭದಲ್ಲಿ ಸುಮಾರು 20,000 ಇದ್ದ ಸ್ವಯಂಸೇವಕರ ಸಂಖ್ಯೆ ಕಾಲಕ್ರಮದಲ್ಲಿ 76,000 ಆಯಿತು. ಅವರಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರು.

ಇಪ್ಪತ್ತೊಂದನೆಯ ಶತಮಾನದಲ್ಲಿ ‘ಮುನ್ಸೂಚನೆಯಾಧಾರಿತ ಹಣಕಾಸು’ ಎಂಬ ವಿಧಾನ ರೂಪುಗೊಂಡಿತು. ಗಾಳಿಯ ವೇಗ ಮುಂತಾದುವು ಯಾವ ಮಿತಿಯನ್ನು ದಾಟಿದರೆ, ಯಾರಿಗೆ, ಎಷ್ಟು ನೆರವು ಸಲ್ಲಬೇಕೆಂಬುದನ್ನು ಬಿರುಗಾಳಿಯಿಲ್ಲದ ಕಾಲದಲ್ಲಿಯೇ ನಿರ್ಧರಿಸಿ, ಹಣವನ್ನು ಕಾದಿರಿಸಿದ್ದು, ಮಿತಿ ದಾಟಿದೊಡನೆ ಅದನ್ನು ಬಿಡುಗಡೆ ಮಾಡುವುದು ಇದರ ಕ್ರಮ. ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಒಕ್ಕೂಟವು 2018ರಲ್ಲಿ ಇದಕ್ಕಾಗಿ ವಿಶೇಷ ನಿಧಿಯೊಂದನ್ನು ತೆರೆಯಿತು. 2020ರ ಮೇ ತಿಂಗಳಲ್ಲಿ ಅಂಫಾನ್ ಚಂಡಮಾರುತ ಬರುತ್ತಿದ್ದಾಗ ಬಾಂಗ್ಲಾದೇಶದ ರೆಡ್ ಕ್ರೆಸೆಂಟ್ ಸಂಘವು ಈ ಕ್ರಮವನ್ನು ಕಾರ್ಯಗತಗೊಳಿಸಿತು. ಕೋವಿಡ್ ಸೋಂಕಿನ ನಡುವೆಯೂ ಆ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಲಾಯಿತು. ಸತ್ತವರ ಸಂಖ್ಯೆ ಕೆಲವು ಹತ್ತುಗಳನ್ನು ಮೀರಲಿಲ್ಲ.

ಬಿರುಗಾಳಿಗಳ ಬಲ ಒಂದೇ ತೆರನಲ್ಲವಾದುದರಿಂದ ಈ ಸಂಖ್ಯೆಗಳನ್ನು ನೇರವಾಗಿ ತೂಗಲಾಗದು. ಒಡೆದ ಕಟ್ಟೆಗಳೂ ಉಪ್ಪುನೀರು ನಿಂತ ಗದ್ದೆಗಳೂ ಇಂದಿಗೂ ಬದುಕುಳಿದವರ ಬಾಳನ್ನು ಕಾಡುತ್ತಿವೆ. ಆದರೂ, ಭೋಲಾದಲ್ಲಿ ಎಚ್ಚರಿಕೆಯನ್ನು ಕೇಳಿಯೂ ಗುಡಿಸಲಿನಲ್ಲಿಯೇ ಉಳಿದವನ ಮಗನೋ ಮೊಮ್ಮಗಳೋ ಇಂದು ಮೂರನೆಯ ಬಾವುಟ ಏರುವ ಮುನ್ನವೇ ಹಸುವನ್ನು ದಿಬ್ಬಕ್ಕೆ ಹೊಡೆದುಕೊಂಡು ಹೋಗಬಲ್ಲವರಾಗಿರುವುದು ಈ ಅರ್ಧಶತಮಾನದ ಪರಿಶ್ರಮದ ಫಲ.